ಸಾಕ್ಷಿ ಹೇಳಲಾಗದವರ ಪ್ರಾರ್ಥನೆ

ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನಲ್ಲಿ ಪ್ರತಿ ಬುಧವಾರ ನಿತ್ಯಸಹಾಯ ಮಾತೆಯೆಂಬ ಹೆಸರಿನಲ್ಲಿ ಮರಿಯಮ್ಮನಿಗೆ ಸಲ್ಲಿಸುವ ನೊವೆನಾ ಪ್ರಾರ್ಥನೆ ನಡೆಯುತ್ತದೆ. 1948ರ ಸೆಪ್ಟೆಂಬರ್ 8ರಂದು ಆರಂಭವಾದದ್ದು ಇಂದಿಗೂ ನಿಂತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೊಂದರಂತೆ, ಬೇರೆ ಬೇರೆ ಭಾಷೆಗಳಲ್ಲಿ ಪ್ರಾರ್ಥನೆ ಸಾಗುತ್ತದೆ. ಬರುವವರಲ್ಲಿ ಕ್ರೈಸ್ತರಲ್ಲದವರೇ ಎಷ್ಟೋ ಮಂದಿ. ಜನ ಅಲ್ಲಿ ಪತ್ರ ಬರೆದು ಹಾಕುತ್ತಾರೆ. ಬೇಡಿಕೆಯ ಪತ್ರ ಒಂದು ಬಗೆ, ಬೇಡಿದ್ದು ಕೈಗೂಡಿದ ಮೇಲೆ ಬರೆಯುವ ಕೃತಜ್ಞತೆಯ ಪತ್ರ ಇನ್ನೊಂದು ಬಗೆ. ಈ ಎರಡನೆಯ ಬಗೆಯವುಗಳಲ್ಲಿ ಕೆಲವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಮಗನಿಗೆ ಕೆಲಸ ಸಿಕ್ಕಿತು, ಹತ್ತು ವರ್ಷದ ಮೇಲೆ ಮಗು ಹುಟ್ಟಿತು, ಗಡ್ಡೆ ಕರಗಿತು, ಬಾಡಿಗೆಗೆ ಮನೆ ಸಿಕ್ಕಿತು. ಮುಂಬಯಿಯಲ್ಲಿ ಬದುಕಿದವರಿಗೆ ಕೊನೆಯದೂ ಪವಾಡವೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇಡಿದೆ, ಸಿಗಲಿಲ್ಲ ಎಂಬ ಪತ್ರವನ್ನು ಓದಿದ್ದು ನಾನು ಕೇಳಿಲ್ಲ. ಓದುವುದಿಲ್ಲವೆಂದು ಅವರನ್ನು ದೂರುವ ಹಾಗೂ ಇಲ್ಲ, ಅಂಥ ಪತ್ರವನ್ನು ಯಾರೂ ಬರೆಯುವುದಿಲ್ಲವಷ್ಟೆ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳ ರೀತಿಯೂ ಇದೇ. ಮನೆಕೂಟದಲ್ಲಿ ‘ಸಾಕ್ಷಿ ಇದ್ದವರು ಹೇಳಬಹುದು’, ಅಂದರೆ ದೇವರು ನಡೆಸಿಕೊಟ್ಟದ್ದನ್ನು ಎಲ್ಲರ ಮುಂದೆ ಹೇಳಬಹುದು, ಎಂದಾಗ ಏಳುವವರು ಗುಣವಾದವರು, ಪಾಸಾದವರು, ಸಾಲ ತೀರಿಸಿದವರು. ಅವರ ಪಕ್ಕದಲ್ಲೇ, ಮೂಲೆಯ ಕುರ್ಚಿಯಲ್ಲಿ, ಅದೇ ತಿಂಗಳು ಅದೇ ಕಾಯಿಲೆಗೆ ಅದೇ ದೇವರಿಗೆ ಮೊರೆಯಿಟ್ಟು ಬರಿಗೈಯಲ್ಲಿ ಉಳಿದವರು ಕೂತಿರುತ್ತಾರೆ. ಅವರಿಗೂ ಹೇಳುವುದಿರುತ್ತದೆ, ಆದರೆ ಅದನ್ನು ಸಾಕ್ಷಿ ಎಂದು ಕರೆಯುವ ರೂಢಿ ನಮ್ಮಲ್ಲಿಲ್ಲ.

ಆ ಕುರ್ಚಿಯ ಪರಿಚಯ ನನಗೆ ಅಣ್ಣನ ದೆಸೆಯಿಂದ ಆಯಿತು.

ನಾವು ಉಡುಪಿ ಕಡೆಯವರು. ಅಜ್ಜ ಮಲ್ಪೆಯ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಅಪ್ಪ ಟೈಪಿಂಗ್ ಕಲಿತು ಮುಂಬಯಿಗೆ ಬಂದವರು. ಮನೆಯ ಮಾತು ಕನ್ನಡ, ಹೊರಗೆ ಮರಾಠಿ ಮತ್ತು ಹಿಂದಿ, ಕೋಪ ಬಂದರೆ ತುಳು. ಅಣ್ಣ ಮದುವೆಯಾದದ್ದು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆತನದ ಹುಡುಗಿಯನ್ನು. ಹಾಗಾಗಿ ಅವನ ಕಿಡ್ನಿಗಳು ಕೈಕೊಟ್ಟ ದಿನದಿಂದ ನಮ್ಮ ಮನೆಯಲ್ಲಿ ಎರಡೂ ಕಡೆಯ ಪ್ರಾರ್ಥನೆ ಒಟ್ಟಿಗೆ ನಡೆಯಿತು. ಭಾನುವಾರ ನಮ್ಮ ಕನ್ನಡ ಸಭೆಯ ವಿಜ್ಞಾಪನೆಯಲ್ಲಿ ಅವನ ಹೆಸರು. ಬುಧವಾರ ಅತ್ತಿಗೆ ಮಾಹಿಮ್‌ಗೆ.

ಒಮ್ಮೆ ಅತ್ತಿಗೆ ಬಾಂದ್ರಾದ ಮೌಂಟ್ ಮೇರಿಗೂ ಹೋದರು. ಅಲ್ಲಿ ಹರಕೆಗೆಂದು ಮೇಣದ ಆಕೃತಿಗಳನ್ನು ಮಾರುತ್ತಾರೆ: ಕೈ, ಕಾಲು, ಕೂಸು, ಮನೆ. ಕಿಡ್ನಿ ಮಾತ್ರ ಇರಲಿಲ್ಲ. ಅಂಗಡಿಯಾಕೆ ಸ್ವಲ್ಪ ಹೊತ್ತು ಯೋಚಿಸಿ, ‘ಇಡೀ ಮನುಷ್ಯನನ್ನೇ ತೆಗೆದುಕೊಳ್ಳಿ, ಒಳಗೆ ಎರಡು ಇದ್ದೇ ಇರುತ್ತವೆ’ ಎಂದಳಂತೆ. ಅಣ್ಣ ಇದನ್ನು ಡಯಾಲಿಸಿಸ್ ಕೋಣೆಯಲ್ಲಿ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಹೇಳಿ ನಗಿಸಿದ. ಅತ್ತಿಗೆಗೆ ಅಷ್ಟೇನೂ ನಗು ಬರಲಿಲ್ಲ.

ಡಯಾಲಿಸಿಸ್ ಎಂದರೇನೆಂದು ಹೊರಗಿನವರಿಗೆ ಅಂದಾಜಿರುವುದಿಲ್ಲ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ದೇಹದ ರಕ್ತವೆಲ್ಲ ಹೊರಗಿನ ಯಂತ್ರದ ಮೂಲಕ ಹಾದು ಮರಳಬೇಕು. ಅದಕ್ಕಾಗಿ ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದಿರುತ್ತಾರೆ. ಅಲ್ಲಿ ಬೆರಳಿಟ್ಟರೆ ರಕ್ತ ಝುಮ್ಮೆಂದು ಹರಿಯುವುದು ತಿಳಿಯುತ್ತದೆ. ಸೂಜಿಗಿಂತ ಕಷ್ಟದ್ದು ನೀರು. ಮೂತ್ರವೇ ಆಗದ ದೇಹಕ್ಕೆ ಕುಡಿದದ್ದೆಲ್ಲ ಭಾರ. ಮುಂಬಯಿಯ ಮೇ ತಿಂಗಳಲ್ಲಿ, ಲೋಕಲ್ ರೈಲಿನಿಂದ ಇಳಿದು ಬಂದ ಮನುಷ್ಯ ದಿನಕ್ಕಿಷ್ಟೇ ಎಂದು ಅಳೆದಿಟ್ಟ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯಕ್ಕೆ ಅಪಾಯ. ಆದ್ದರಿಂದ ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ತರಕಾರಿಯನ್ನು ಬೇಯಿಸಿ ನೀರು ಬಸಿದೇ ತಿನ್ನಬೇಕು. ಉಡುಪಿಯವನಿಗೆ ಎಳನೀರು ಬೇಡ ಎನ್ನುವುದೇ ಒಂದು ಶಿಕ್ಷೆ. ಗಂಜಿಯೂ ನೀರಿನ ಲೆಕ್ಕಕ್ಕೇ ಬರುತ್ತದೆಂದು ಗೊತ್ತಾದ ದಿನ ಅಮ್ಮ ತಟ್ಟೆಯ ಮುಂದೆ ಕೂತು ಅತ್ತಳು.

ಹತ್ತಿರದ ಸಂಬಂಧಿಕರು ಕಿಡ್ನಿ ಕೊಡಬಹುದೆಂದು 1994ರ ಅಂಗಾಂಗ ಕಸಿ ಕಾನೂನು ಹೇಳುತ್ತದೆ. ನನಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ವಯಸ್ಸಾಗಿದೆ, ಅತ್ತಿಗೆಯ ರಕ್ತದ ಗುಂಪು ಹೊಂದುವುದಿಲ್ಲ. ಉಳಿದದ್ದು ಪಟ್ಟಿ. ಮುಂಬಯಿಯಲ್ಲಿ ಮೃತ ದಾನಿಗಳ ಅಂಗಗಳನ್ನು ಯಾರಿಗೆ ಕೊಡಬೇಕೆಂಬ ಸರದಿಯನ್ನು ನೋಡಿಕೊಳ್ಳುವುದು ವಲಯ ಅಂಗಾಂಗ ಕಸಿ ಸಮನ್ವಯ ಕೇಂದ್ರ. ಅಲ್ಲಿ ಹೆಸರು ನೋಂದಾಯಿಸಿ ಕಾಯಬೇಕು. ಕಾಯುವುದೆಂದರೆ, ಆಸ್ಪತ್ರೆಯ ತೀವ್ರ ನಿಗಾ ಘಟಕವೊಂದರಲ್ಲಿ ಯಾರದೋ ಮಿದುಳು ಸಾಯಬೇಕು. ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಹೃದಯ ಇನ್ನೂ ಬಡಿಯುತ್ತಿರುವ ಆ ದೇಹದ ಪಕ್ಕದಲ್ಲಿ ನಿಂತ ಹೆಂಡತಿಯೋ ತಂದೆಯೋ ಒಪ್ಪಿ ಸಹಿ ಹಾಕಬೇಕು. ಹಾಗಾದಾಗ ಎರಡು ಕಿಡ್ನಿಗಳು ಸಿಗುತ್ತವೆ, ಎರಡು ಮನೆಗಳ ಕಾಯುವಿಕೆ ಮುಗಿಯುತ್ತದೆ.

ಇದನ್ನು ತಿಳಿದ ಮೇಲೆ ಪ್ರಾರ್ಥನೆ ಮಾಡುವುದು ಸುಲಭವಾಗಿ ಉಳಿಯಲಿಲ್ಲ.

ನಮ್ಮ ಮನೆಕೂಟದಲ್ಲಿ ಹಿರಿಯರೊಬ್ಬರು, ತುಂಬ ಪ್ರೀತಿಯ ಮನುಷ್ಯ, ‘ಕರ್ತನೇ, ಆದಷ್ಟು ಬೇಗ ಒಂದು ಕಿಡ್ನಿ ಒದಗಿಸಿಕೊಡು’ ಎಂದು ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಎಂದೆವು. ಅಣ್ಣ ಆಮೆನ್ ಎನ್ನಲಿಲ್ಲ. ಮನೆಗೆ ಮರಳುವಾಗ ರಿಕ್ಷಾದಲ್ಲಿ ನನ್ನನ್ನು ಕೇಳಿದ: ‘ಬೇಗ ಎಂದರೆ ಏನು ಅರ್ಥ, ಹೇಳು? ಈ ವಾರ ಯಾವುದೋ ತಾಯಿಯ ಮಗ ಬೈಕಿನಿಂದ ಬೀಳಬೇಕು ಎಂದಲ್ಲವೇ?’ ನಾನು, ದೇವರು ಯಾರನ್ನೂ ಬೀಳಿಸುವುದಿಲ್ಲ, ಹೇಗೂ ಬಿದ್ದವರದ್ದು ನಮಗೆ ಸಿಗಲಿ ಎಂದು ಕೇಳುತ್ತೇವೆ ಅಷ್ಟೆ ಎಂದೆ. ಅವನು, ‘ಹಾಗಾದರೆ ಅವನನ್ನು ಬೀಳಿಸಬೇಡ ಎಂದೇ ಏಕೆ ಕೇಳಬಾರದು? ಅದು ಇನ್ನೂ ಒಳ್ಳೆಯ ಪ್ರಾರ್ಥನೆ’ ಎಂದ.

ತಮಾಷೆಗೆ ಹೇಳಿದನೆಂದುಕೊಂಡಿದ್ದೆ. ಆದರೆ ಆಮೇಲೆ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ತನ್ನ ಸರದಿ ಬಂದಾಗಲೆಲ್ಲ ಅವನು ಹಾಗೆಯೇ ಪ್ರಾರ್ಥಿಸತೊಡಗಿದ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಹುಡುಗರು ಹೆಲ್ಮೆಟ್ ಹಾಕಿಕೊಳ್ಳಲಿ. ಪಾರ್ಸೆಲ್ ತಲುಪಿಸುವ ಹುಡುಗರು ಸಿಗ್ನಲ್ ನೋಡಿ ದಾಟಲಿ. ದಹಿಹಂಡಿಯ ದಿನ ಮಡಿಕೆಯ ಕೆಳಗೆ ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವ ಹುಡುಗರಲ್ಲಿ ಯಾರೂ ತಲೆಯ ಮೇಲೆ ಬೀಳದಿರಲಿ. ಅಮ್ಮನಿಗೆ ಸಿಟ್ಟು ಬಂತು. ‘ನಿನ್ನ ಹೆಂಡತಿ ಕಂಡ ಕಂಡ ಕಡೆ ಮೊಣಕಾಲೂರಿ ಬೇಡುತ್ತಿದ್ದಾಳೆ, ನೀನು ಇಲ್ಲಿ ಕೂತು ಅದನ್ನು ರದ್ದು ಮಾಡುತ್ತಿದ್ದೀಯಾ?’ ಎಂದು ಗದರಿದಳು. ಅವನು, ‘ಅಮ್ಮಾ, ಎರಡನ್ನೂ ಕೇಳೋಣ. ಹೊಂದಿಸಿಕೊಳ್ಳುವುದು ಅವನ ತಲೆನೋವು’ ಎಂದ.

ಅಣ್ಣನನ್ನು ಸಂತನನ್ನಾಗಿ ಮಾಡುವ ಇರಾದೆ ನನಗಿಲ್ಲ. ಬದುಕುವ ಆಸೆ ಅವನಿಗೆ ಎಲ್ಲರಷ್ಟೇ ಇತ್ತು. ಫೋನ್ ಬಾರಿಸಿದಾಗ ಎಲ್ಲರಿಗಿಂತ ಮೊದಲು ಚಪ್ಪಲಿ ಹುಡುಕಿದವನೂ ಅವನೇ.

ಫೋನ್ ಬಂದದ್ದು ಮಳೆಗಾಲದ ಒಂದು ರಾತ್ರಿ. ಕಿಡ್ನಿಯೊಂದು ಲಭ್ಯವಾಗುವ ಸಂಭವವಿದೆ, ಊಟ ಮಾಡದೆ ಬನ್ನಿ ಎಂದರು. ಇಂಥ ಕರೆ ಒಬ್ಬರಿಗಷ್ಟೇ ಹೋಗುವುದಿಲ್ಲ. ಸರದಿಯಲ್ಲಿ ಮುಂದಿರುವ ಕೆಲವರನ್ನು ಒಟ್ಟಿಗೆ ಕರೆಯುತ್ತಾರೆ, ಏಕೆಂದರೆ ಕೊನೆಯಲ್ಲಿ ದಾನಿಯ ಜೀವಕೋಶಗಳನ್ನೂ ರೋಗಿಯ ರಕ್ತವನ್ನೂ ಬೆರೆಸಿ ಹೊಂದಿಕೆ ನೋಡಬೇಕು. ರಕ್ತ ಆ ಜೀವಕೋಶಗಳ ಮೇಲೆ ಮುಗಿಬಿದ್ದರೆ, ಕಸಿ ಮಾಡಿದರೂ ದೇಹ ಅದನ್ನು ತಳ್ಳಿಹಾಕುತ್ತದೆ, ಆಗ ಮುಂದಿನವರಿಗೆ. ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಜೊತೆ ಭಿವಂಡಿಯ ಒಂದು ಕುಟುಂಬವಿತ್ತು. ಮಗ್ಗದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮನುಷ್ಯ, ಅವನ ಹೆಂಡತಿ, ನಿದ್ದೆಗಣ್ಣಿನ ಇಬ್ಬರು ಮಕ್ಕಳು. ಆಕೆ ತಸ್ಬೀಹ್ ಹಿಡಿದು ಜಪಿಸುತ್ತಿದ್ದರು, ನಮ್ಮ ಅತ್ತಿಗೆ ಜಪಮಾಲೆ ಹಿಡಿದಿದ್ದರು. ಇಬ್ಬರ ಬೆರಳುಗಳೂ ಮಣಿಗಳ ಮೇಲೆ ಒಂದೇ ವೇಗದಲ್ಲಿ ಸರಿಯುತ್ತಿದ್ದವು. ನಡುವೆ ಮಕ್ಕಳಿಗೆ ಬಿಸ್ಕತ್ತು ಕೊಟ್ಟದ್ದು ಅತ್ತಿಗೆ, ಅತ್ತಿಗೆಗೆ ಚಹಾ ತಂದುಕೊಟ್ಟದ್ದು ಆಕೆ.

ಬೆಳಗಿನ ಜಾವ ಫಲಿತಾಂಶ ಬಂತು. ಅಣ್ಣನಿಗೆ ಹೊಂದಲಿಲ್ಲ, ಆ ಮನುಷ್ಯನಿಗೆ ಹೊಂದಿತು. ಆಕೆ ನೆಲದ ಮೇಲೆ ಹಣೆಯಿಟ್ಟು ಅಲ್ಲಾಹನಿಗೆ ವಂದಿಸಿದರು. ಎದ್ದು ಅತ್ತಿಗೆಯ ಮುಖ ನೋಡಿ ಏನು ಹೇಳಬೇಕೆಂದು ತೋಚದೆ ಅವರ ಕೈ ಹಿಡಿದುಕೊಂಡರು. ಮೂರನೆಯದೊಂದು ಕುಟುಂಬ ಆ ಕಟ್ಟಡದಲ್ಲೇ ಇತ್ತೋ, ಬೇರೆ ಆಸ್ಪತ್ರೆಯಲ್ಲಿತ್ತೋ, ನಮಗೆ ತಿಳಿಸುವುದಿಲ್ಲ. ಹಿಂದಿನ ರಾತ್ರಿ ಸಹಿ ಹಾಕಿದ ಕುಟುಂಬ ಅದು. ಅವರೂ ಬೇಡಿಕೊಂಡೇ ಇರಬೇಕು, ನಮ್ಮೆಲ್ಲರಿಗಿಂತ ಗಟ್ಟಿಯಾಗಿ.

ಈ ಮೂರು ಪ್ರಾರ್ಥನೆಗಳನ್ನು ಎದುರಿಗಿಟ್ಟುಕೊಂಡು ನಾನು ಬಹಳ ಕಾಲ ತಲೆಕೆಡಿಸಿಕೊಂಡಿದ್ದೇನೆ. ಮೂರೂ ಈಡೇರುವ ದಾರಿ ಇರಲಿಲ್ಲ. ಯಾರ ಪ್ರಾರ್ಥನೆಗೆ ಕಿವಿಗೊಟ್ಟರೂ ಇನ್ನೊಬ್ಬರದಕ್ಕೆ ಕಿವುಡಾಗಲೇಬೇಕಾದ ಜಾಗದಲ್ಲಿ ನಾವು ದೇವರನ್ನು ನಿಲ್ಲಿಸಿದ್ದೆವು.

ಮುಂದಿನ ವರ್ಷ ಅಣ್ಣ ತೀರಿಕೊಂಡ. ಡಯಾಲಿಸಿಸ್‌ನಲ್ಲಿರುವವರನ್ನು ಹೆಚ್ಚಾಗಿ ಕರೆದೊಯ್ಯುವುದು ಹೃದಯ. ಅವನಿಗೂ ಹಾಗೆಯೇ ಆಯಿತು. ಶಿವಡಿಯ ಸ್ಮಶಾನದಲ್ಲಿ ಮಣ್ಣು ಮಾಡಿದೆವು.

ಆಮೇಲೆ ವಿವರಣೆಗಳು ಬಂದವು. ಮನೆಗೆ ಬಂದವರು ಚಪಾತಿ, ಪಲ್ಯ, ಸಾರಿನ ಜೊತೆ ಒಂದೊಂದು ವಿವರಣೆಯನ್ನೂ ತಂದರು. ದೇವರಿಗೆ ಪ್ರಿಯರಾದವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ. (ಹಾಗಾದರೆ ಎಂಬತ್ತು ದಾಟಿದ ನೀವು? ಎಂದು ಕೇಳುವಷ್ಟು ಒರಟು ನಾನಲ್ಲ. ನಾಲಿಗೆಯ ತುದಿಗಂತೂ ಬಂದಿತ್ತು.) ದೇವರ ಚಿತ್ತ. ಇನ್ನೇನೋ ದೊಡ್ಡ ಕಷ್ಟ ಬರುವುದಿತ್ತು, ಅದರಿಂದ ತಪ್ಪಿಸಿದ. ಗುಣಪಡಿಸುವ ಪ್ರಾರ್ಥನೆಗೆ ಹೆಸರಾದ ಬೋಧಕರೊಬ್ಬರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಾರಿಗೋ ವಿಶ್ವಾಸ ಸಾಲಲಿಲ್ಲ ಎಂದು ಹೇಳಿದರು. ಅದೊಂದು ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅತ್ತಿಗೆ ತಿಂಗಳುಗಟ್ಟಲೆ, ಯಾವ ಬುಧವಾರ ತನ್ನ ಮನಸ್ಸು ಅತ್ತಿತ್ತ ಹರಿದಿತ್ತು ಎಂದು ನೆನಪು ಮಾಡಿಕೊಳ್ಳುತ್ತ ಕೂತರು.

ವಿಶ್ವಾಸದ ಪ್ರಮಾಣಕ್ಕೆ ತಕ್ಕಂತೆ ಫಲ ಎಂಬುದು ಸತ್ಯವೇದದಲ್ಲೇ, ಅಂದರೆ ಬೈಬಲ್ಲಿನಲ್ಲೇ, ನಿಲ್ಲುವುದಿಲ್ಲ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಮೂರ್ಛೆ ಬೀಳುವ ಹುಡುಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ನೀನೇ ನೋಡಿಕೋ ಎಂಬಂತೆ ಕೂಗುತ್ತಾನೆ. ಅರ್ಧ ನಂಬಿಕೆ, ಮಗ ಪೂರ್ತಿ ಗುಣವಾದ. ಅದೇ ಪುಸ್ತಕದ 14ನೆಯ ಅಧ್ಯಾಯದಲ್ಲಿ ಗೆತ್ಸೆಮನೆ ತೋಟ. ಶಿಲುಬೆಗೇರುವ ಹಿಂದಿನ ರಾತ್ರಿ ಅಲ್ಲಿ ಬೇಡಿಕೊಂಡ ಯೇಸುವಿನ ನಂಬಿಕೆಯಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾವ ಬೋಧಕರಿಗೂ ಇರಲಾರದು. ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಮತ್ತೆ ಮತ್ತೆ ಕೇಳಿದ, ತೊಲಗಲಿಲ್ಲ. ಅಪೊಸ್ತಲ ಪೌಲನೂ ತಾನು ‘ಶರೀರದ ಮುಳ್ಳು’ ಎಂದು ಕರೆದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ. ಮುಳ್ಳು ಅಲ್ಲೇ ಉಳಿಯಿತು. ಪೌಲನಿಗಾದರೂ ಕೃಪೆ ಸಾಕೆಂಬ ಉತ್ತರ ಬಂತು. ನಮ್ಮ ಮನೆಗೆ ಉತ್ತರವೂ ಬರಲಿಲ್ಲ.

ಇನ್ನೊಂದು ವಿವರಣೆ ಭಾನುವಾರ ಶಾಲೆಯಿಂದಲೇ ನಮಗೆ ಬಾಯಿಪಾಠ. ದೇವರು ಪ್ರತಿ ಪ್ರಾರ್ಥನೆಗೂ ಉತ್ತರ ಕೊಡುತ್ತಾನೆ: ‘ಹೌದು’, ‘ಇಲ್ಲ’, ‘ಕಾದಿರು’. ಕೇಳಲು ಅಚ್ಚುಕಟ್ಟಾಗಿದೆ, ಅಚ್ಚುಕಟ್ಟೇ ಇದರ ದೋಷ. ಏನಾದರೂ ಆಗಲಿ, ಏನೂ ಆಗದೇ ಇರಲಿ, ಈ ಮೂರರಲ್ಲಿ ಒಂದಕ್ಕೆ ಹೊಂದಿಯೇ ಹೊಂದುತ್ತದೆ. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ, ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದ ಮರಾಠಿ ಮನುಷ್ಯ, ಇದನ್ನು ಕೇಳಿ, ‘ಗೋಡೆಯನ್ನು ಕೇಳಿದರೂ ಈ ಮೂರು ಉತ್ತರಗಳಲ್ಲಿ ಒಂದು ಸಿಗುತ್ತದಲ್ಲ ತಾಯೀ’ ಎಂದರು. ನನಗೆ ಕೋಪ ಬರಲಿಲ್ಲ. ಚಪಾತಿಯ ಜೊತೆ ಬಂದ ವಿವರಣೆಗಳಿಗಿಂತ ಅದು ಪ್ರಾಮಾಣಿಕವಾಗಿತ್ತು.

ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರನ್ನು ಬೈಯುವುದು ನಮ್ಮಲ್ಲಿ ರೂಢಿ. ಆದರೆ ಅವರು ಮೊದಲು ಮಾಡಿದ್ದು ಸರಿಯಾಗಿಯೇ ಇತ್ತು: ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ದೇವರ ಪರವಾಗಿ ವಾದಿಸಿ ವಾದಿಸಿ ಯೋಬನನ್ನು ಹಿಂಡಿದರು. ಯೋಬ ಮಾತ್ರ ದೇವರ ಮೇಲೆಯೇ ದಾವೆ ಹೂಡುವವನಂತೆ ಕೂಗಾಡಿದ. ಕೊನೆಗೆ 42ನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ತನ್ನ ವಕೀಲರ ಮೇಲೆ. ಯೋಬ ಮಾತಾಡಿದಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಇಡೀ ಸತ್ಯವೇದದಲ್ಲಿ ನನಗೆ ಇಷ್ಟು ಬೆನ್ನು ತಟ್ಟಿದ ಮಾತು ಬೇರೆ ಇಲ್ಲ.

ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನೂ ನಾನು ಬೇರೆ ರೀತಿಯಲ್ಲಿ ಓದತೊಡಗಿದೆ. ಮೊದಲೆಲ್ಲ ಅದು ಯೇಸುವಿನ ಶಿಷ್ಯ ಪೇತ್ರನ ಬಿಡುಗಡೆಯ ಅಧ್ಯಾಯ. ಸೆರೆಮನೆ, ಸರಪಳಿ, ದೇವದೂತ, ತಾನಾಗಿ ತೆರೆದುಕೊಂಡ ಕಬ್ಬಿಣದ ಬಾಗಿಲು. ಪೇತ್ರ ಬಂದು ಕದ ತಟ್ಟಿದರೆ, ದನಿ ಗುರುತಿಸಿದ ಹುಡುಗಿ ರೋದೆ ಸಂತೋಷದಲ್ಲಿ ಕದ ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಅವನಿಗಾಗಿಯೇ ಪ್ರಾರ್ಥಿಸುತ್ತ ಕೂತಿದ್ದವರು ನಿನಗೆ ಹುಚ್ಚು ಎನ್ನುತ್ತಾರೆ. ಭಾನುವಾರ ಶಾಲೆಯಲ್ಲಿ ನಾವು ಅದನ್ನು ನಾಟಕವಾಗಿ ಆಡಿದ್ದೆವು. ಆದರೆ ಅಧ್ಯಾಯ ಶುರುವಾಗುವುದು ಅಲ್ಲಿಂದಲ್ಲ. ಅರಸನಾದ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಎಂದು ಎರಡನೆಯ ವಚನದಲ್ಲಿದೆ. ಒಂದೇ ಸಾಲು. ಯಾಕೋಬನಿಗಾಗಿ ಯಾರೂ ಪ್ರಾರ್ಥಿಸಿರಲಿಲ್ಲವೇ? ಅದೇ ಸಭೆ, ಅದೇ ಜನ, ಪ್ರಾಯಶಃ ಅದೇ ಮನೆ. ಪೇತ್ರನಿಗೆ ದೇವದೂತ, ಯಾಕೋಬನಿಗೆ ಕತ್ತಿ. ಏಕೆಂದು ಅದನ್ನು ಬರೆದ ಲೂಕ ಹೇಳುವುದಿಲ್ಲ. ಹೇಳಲು ಪ್ರಯತ್ನಿಸುವುದೂ ಇಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಗೌರವ.

ಯಾಕೋಬ, ಯೋಹಾನರ ತಾಯಿ ನಮಗೆ ಮೊದಲೇ ಗೊತ್ತಿರುವವಳು. ಜೆಬೆದಾಯನ ಹೆಂಡತಿ, ಮತ್ತಾಯನ 20ನೆಯ ಅಧ್ಯಾಯದಲ್ಲಿ ಬರುತ್ತಾಳೆ: ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಲ್ಲಿ ಒಬ್ಬನನ್ನು ಬಲಗಡೆ, ಇನ್ನೊಬ್ಬನನ್ನು ಎಡಗಡೆ ಕೂರಿಸು ಎಂದು ಯೇಸುವಿನ ಮುಂದೆ ಅಡ್ಡಬೀಳುತ್ತಾಳೆ. ಬೋಧನೆಗಳಲ್ಲಿ ಆಕೆಯನ್ನು ದುರಾಸೆಯ ತಾಯಿಯೆಂದು ಗೇಲಿ ಮಾಡುವುದು ವಾಡಿಕೆ. ಕೇಳಿದ್ದು ಏನೆಂದು ನಿಮಗೇ ತಿಳಿಯದು ಎಂದು ಅವಳಿಗೆ ಉತ್ತರ ಬಂತು. ಹೆರೋದನ ಕತ್ತಿ ಬಿದ್ದ ದಿನ ಆಕೆ ಬದುಕಿದ್ದಳೇ? ಬದುಕಿದ್ದರೆ, ಪೇತ್ರ ಹೊರಬಂದನೆಂದು ಬೀದಿಯಲ್ಲಿ ಸ್ತೋತ್ರ ಹಾಡುವಾಗ ಯಾವ ಮೂಲೆಯಲ್ಲಿ ಕೂತಿದ್ದಳು? ಭಿವಂಡಿಯ ಆ ಮನುಷ್ಯ ಚೇತರಿಸಿಕೊಂಡು ಮತ್ತೆ ಮಗ್ಗಕ್ಕೆ ಹೋಗುತ್ತಿದ್ದಾನೆಂದು ಅತ್ತಿಗೆಗೆ ಫೋನ್ ಬಂದಾಗ ಅಮ್ಮ, ‘ಒಳ್ಳೆಯದಾಯಿತು’ ಎಂದಳು, ಎದ್ದು ಹೋಗಿ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಈ ಊರಿನ ಇನ್ನೊಬ್ಬರ ನೆನಪಾಗುತ್ತದೆ. ಕೊಲಾಬಾದಲ್ಲಿ ಜಾರ್ಜ್ ಬೋವೆನ್ ಎಂಬವರ ಹೆಸರಿನ ಮೆಥಡಿಸ್ಟ್ ಚರ್ಚ್ ಇದೆ. ಅಮೆರಿಕದವರು; ಯೌವನದಲ್ಲಿ ನಾಸ್ತಿಕರು. ಪ್ರೀತಿಸಿದ ಹುಡುಗಿ ಸಾಯುವ ಮುನ್ನ ಬಿಟ್ಟುಹೋದ ಬೈಬಲ್ಲು ಅವರನ್ನು ಬದಲಾಯಿಸಿತು. 1848ರಲ್ಲಿ ಮುಂಬಯಿಗೆ ಬಂದರು. ಮಿಶನ್ನಿನ ಸಂಬಳ ಬೇಡವೆಂದು ಬಿಟ್ಟು ಬಡವರ ನಡುವೆ ಒಂದು ಕೋಣೆ ಹಿಡಿದು, ಬೀದಿಯಲ್ಲಿ ಮರಾಠಿಯಲ್ಲಿ ಬೋಧಿಸುತ್ತ, ಪತ್ರಿಕೆಯೊಂದನ್ನು ನಡೆಸುತ್ತ ಇಲ್ಲೇ ಉಳಿದು 1888ರಲ್ಲಿ ಇಲ್ಲೇ ತೀರಿಕೊಂಡರು. ನಲವತ್ತು ವರ್ಷ. ತಮ್ಮ ಮಾತಿನ ಫಲವೆಂದು ಎಣಿಸಿ ತೋರಿಸಬಹುದಾದವರು ಅವರಿಗೆ ತೀರ ಕಡಿಮೆ. ಬೀದಿಯವರನ್ನು ಮತಕ್ಕೆ ಕರೆಯುವ ಅವರ ಕೆಲಸದ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ, ಅದು ಬೇರೆ ಚರ್ಚೆ. ನನ್ನನ್ನು ಹಿಡಿದು ನಿಲ್ಲಿಸುವುದು, ಅಷ್ಟು ಮನಃಪೂರ್ವಕವಾಗಿ ಬಯಸಿದ್ದನ್ನು ಕಾಣದೆ ಅಷ್ಟು ವರ್ಷ ಮರುದಿನ ಬೆಳಿಗ್ಗೆ ಮತ್ತೆ ಮೊಣಕಾಲೂರಿದ್ದು. ಮಾಹಿಮ್‌ನಲ್ಲಿ ಓದಿಸಲು ಬೋವೆನ್‌ರ ಬಳಿಯೂ ಪತ್ರವಿರಲಿಲ್ಲ.

ಸಹೋದ್ಯೋಗಿ ಒಮ್ಮೆ ನೇರವಾಗಿಯೇ ಕೇಳಿದರು: ಆ ರಾತ್ರಿ ನಿರ್ಧರಿಸಿದ್ದು ಒಂದು ರಕ್ತಪರೀಕ್ಷೆ, ನಿಮಗೂ ಅದು ಗೊತ್ತು. ಮತ್ತೆ ಭಾನುವಾರ ಚರ್ಚಿಗೆ ಏಕೆ ಹೋಗುತ್ತೀರಿ?

ರಕ್ತಪರೀಕ್ಷೆಯೇ ನಿರ್ಧರಿಸಿದ್ದು, ಒಪ್ಪುತ್ತೇನೆ. ನಳಿಕೆಯೊಳಗೆ ದೇವರು ಬೆರಳಾಡಿಸಿ ಒಬ್ಬನನ್ನು ಆರಿಸಿ ಇನ್ನೊಬ್ಬನನ್ನು ಬಿಟ್ಟನೆಂದು ನಾನು ನಂಬುವುದಿಲ್ಲ. ಹಾಗೆ ನಂಬಿದರೆ ಭಿವಂಡಿಯ ಆ ಮಕ್ಕಳ ಮುಖ ನೋಡಲಾರೆ. ಆದರೆ ಅಣ್ಣ ಹೋದದ್ದು ಅನ್ಯಾಯ ಎಂದು ನನ್ನ ಎದೆ ಹೇಳುತ್ತದೆ. ಹಾಗೆಂದು ಯಾರ ಮುಂದೆ ಹೇಳಲಿ? ನಳಿಕೆಗೆ ದೂರು ಕೊಡಲಾಗದು. ಆಸ್ಪತ್ರೆ, ಸಮನ್ವಯ ಕೇಂದ್ರ, ಎಲ್ಲರೂ ತಮ್ಮ ಕೆಲಸವನ್ನು ನೇರವಾಗಿಯೇ ಮಾಡಿದರು. ಚರ್ಚು ಬಿಟ್ಟರೆ ದುಃಖ ಕಡಿಮೆಯಾಗುವುದಿಲ್ಲ, ದೂರು ಕೊಡುವ ಜಾಗ ಮಾತ್ರ ಇಲ್ಲವಾಗುತ್ತದೆ. ಇದು ವಾದವಲ್ಲವೆಂದು ನನಗೆ ಗೊತ್ತು, ಅವರಿಗೂ ಹಾಗೆಯೇ ಹೇಳಿದೆ. ‘ಜಗಳವಾಡುವುದಕ್ಕೆ ಹೋಗುತ್ತೀರಿ ಎಂದಾಯಿತು’ ಎಂದರು. ಕೆಲವು ವಾರ ಹಾಗೆಯೇ.

ಜಗಳಕ್ಕೆ ಬೇಕಾದ ಮಾತುಗಳನ್ನೂ ಸತ್ಯವೇದವೇ ಕೊಡುತ್ತದೆ ಎಂಬುದು ಅಣ್ಣ ಹೋದ ಮೇಲೆ ನನಗೆ ಕಂಡ ಸೋಜಿಗ. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟ. ಎಷ್ಟರವರೆಗೆ, ಏಕೆ ದೂರ ನಿಂತಿದ್ದೀ, ಏಕೆ ಮುಖ ಮರೆಮಾಡಿದ್ದೀ. ಬಹುಪಾಲು ಕೊನೆಗೆ ಹೇಗೋ ಸ್ತುತಿಗೆ ಹೊರಳಿಕೊಳ್ಳುತ್ತವೆ. 88ನೆಯದು ಹೊರಳುವುದೇ ಇಲ್ಲ. ಹಗಲಿರುಳು ಮೊರೆಯಿಟ್ಟವನು ಕತ್ತಲೆಯಲ್ಲಿ ಶುರುಮಾಡಿ ಕತ್ತಲೆಯಲ್ಲೇ ಮುಗಿಸುತ್ತಾನೆ. ಅದನ್ನು ಸೇರಿಸಿದವರಿಗೆ, ಕೊನೆಗೆ ಒಂದು ಹಲ್ಲೆಲೂಯ ಅಂಟಿಸುವುದು ಕಷ್ಟವಿರಲಿಲ್ಲ. ಅಂಟಿಸಲಿಲ್ಲ. ದೇವಾಲಯದಲ್ಲಿ ಹಾಡುವ ಗಾಯಕರ ಕೈಗೇ ಅದನ್ನು ಹಾಗೆಯೇ ಕೊಟ್ಟರು.

ಶುಭ ಶುಕ್ರವಾರ ನಮ್ಮ ಸಭೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು, ಒಂದೊಂದರ ಮೇಲೆ ಮಾತಾಡಲು, ಏಳು ಜನರಿಗೆ ಹಂಚುತ್ತಾರೆ. ಮೊದಲನೆಯದು, ‘ತಂದೆಯೇ, ಅವರಿಗೆ ಕ್ಷಮಿಸು’, ಅದಕ್ಕೆ ಪೈಪೋಟಿ. ಎರಡನೆಯದು ಪರದೈಸಿನ ಮಾತು, ಅದಕ್ಕೂ ಜನರಿದ್ದಾರೆ. ನಾಲ್ಕನೆಯದು, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’, ಯಾವಾಗಲೂ ಕೊನೆಗೆ ಉಳಿಯುತ್ತದೆ. ಸಭಾಪಾಲಕರು ಯಾರಿಗಾದರೂ ಕಟ್ಟಬೇಕಾಗುತ್ತದೆ. ಅಣ್ಣ ಹೋದ ಮರುವರ್ಷ ಅದನ್ನು ನಾನು ಕೇಳಿ ಪಡೆದೆ. ಹೆಚ್ಚು ಮಾತಾಡಲಿಲ್ಲ. ಇದು 22ನೆಯ ಕೀರ್ತನೆಯ ಮೊದಲ ಸಾಲು, ಸಾಯುವವನು ಅದನ್ನು ಬಾಯಿಪಾಠದಿಂದ ಹೇಳುತ್ತಿದ್ದಾನೆ, ಆ ಮಧ್ಯಾಹ್ನ ಆಕಾಶದಿಂದ ಇದಕ್ಕೆ ಉತ್ತರ ಬರಲಿಲ್ಲ ಎಂದೆ. ಪುನರುತ್ಥಾನದ ಮಾತಿಗೆ ಹೋಗಲಿಲ್ಲ, ಅದಕ್ಕೆ ಭಾನುವಾರವಿದೆ. ಮುಗಿದ ಮೇಲೆ ಹಿರಿಯರೊಬ್ಬರು, ‘ಸ್ವಲ್ಪ ನಿರೀಕ್ಷೆಯ ಮಾತು ಸೇರಿಸಬಹುದಿತ್ತು’ ಎಂದರು. ಮೂಲೆಯ ಕುರ್ಚಿಗಳಿಂದ ಮೂವರು ನಾಲ್ವರು ಬಂದು ಏನೂ ಹೇಳದೆ ನನ್ನ ಕೈ ಒತ್ತಿದರು. ಯಾರ ಮನೆಯಲ್ಲಿ ಏನಾಗಿತ್ತೆಂದು ನನಗೆ ಆಗಲೇ ತಿಳಿದದ್ದು.

ಅಣ್ಣನ ಹೆಲ್ಮೆಟ್ ಪ್ರಾರ್ಥನೆ ಫಲಿಸಿತೇ ಎಂದು ನಮ್ಮ ಸಹೋದ್ಯೋಗಿಯನ್ನು ಕೇಳಿದರೆ ನಗುತ್ತಾರೆ. ಬೀಳದೆ ಮನೆ ಸೇರಿದ ಹುಡುಗ ಯಾವ ಪತ್ರವನ್ನೂ ಬರೆಯುವುದಿಲ್ಲ. ತಾನು ಬೀಳಬಹುದಿತ್ತೆಂದು ಅವನಿಗೇ ಗೊತ್ತಿರುವುದಿಲ್ಲ. ಇದನ್ನು ಸಮಾಧಾನವೆಂದು ಯಾರಾದರೂ ನನಗೆ ಹೇಳಿದರೆ ಒಪ್ಪುವುದಿಲ್ಲ. ಅಣ್ಣನ ಬದಲಿಗೆ ಇನ್ನಾರೋ ಬದುಕಿರಬಹುದೆಂಬ ಲೆಕ್ಕ ಅಮ್ಮನ ಮುಂದೆ ಚಲಾವಣೆಯಾಗುವುದಿಲ್ಲ. ಆದರೂ ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಬೈಕುಗಳ ಸದ್ದು ಕೇಳಿದಾಗ ನನ್ನ ಬಾಯಲ್ಲಿ ಅದೇ ಪ್ರಾರ್ಥನೆ ಬರುತ್ತದೆ. ಅಮ್ಮನೂ ಈಗ ಹಾಗೆ ಪ್ರಾರ್ಥಿಸುತ್ತಾಳೆ, ಗದರಿದ್ದನ್ನು ಮರೆತವಳಂತೆ.

ಮುಂದಿನ ಮನೆಕೂಟ ನಮ್ಮ ಮನೆಯಲ್ಲಿ. ಓದಲು ಸತ್ಯವೇದದ ಪ್ರಲಾಪಗಳು ಎಂಬ ಪುಸ್ತಕದ 3ನೆಯ ಅಧ್ಯಾಯವನ್ನು ಆರಿಸಿದ್ದೇನೆಂದು ತಿಳಿಸಿದಾಗ ಎಲ್ಲರಿಗೂ ಖುಷಿಯಾಯಿತು. ಕರ್ತನ ಕರುಣೆಗಳು ದಿನದಿನವೂ ಹೊಸದಾಗುತ್ತವೆ ಎಂಬ 22, 23ನೆಯ ವಚನಗಳು ನಮ್ಮ ಅರ್ಧ ಸಭೆಯವರ ಗೋಡೆಯ ಕ್ಯಾಲೆಂಡರಿನಲ್ಲಿವೆ. ನಾನು ಶುರು ಮಾಡುವುದು ಅಧ್ಯಾಯದ ಆರಂಭದಿಂದ. ಎಂಟನೆಯ ವಚನದಲ್ಲಿ, ನಾನು ಕೂಗಿ ಮೊರೆಯಿಟ್ಟರೂ ಅವನು ನನ್ನ ಪ್ರಾರ್ಥನೆಗೆ ಅಡ್ಡಗೋಡೆ ಹಾಕುತ್ತಾನೆ ಎಂದಿದೆ. ಕ್ಯಾಲೆಂಡರಿನ ವಚನಗಳನ್ನು ದಾಟಿ 44ಕ್ಕೆ ಬಂದರೆ, ಪ್ರಾರ್ಥನೆ ನುಸುಳದಂತೆ ನೀನು ಮೋಡವನ್ನು ಹೊದ್ದುಕೊಂಡಿದ್ದೀ ಎಂದು ಅದೇ ಮನುಷ್ಯ ಮತ್ತೆ ಗೋಳಾಡುತ್ತಾನೆ. ಕರುಣೆಯ ಮಾತು ಆಡಿ ಇಪ್ಪತ್ತು ವಚನ ಕಳೆದಿರುತ್ತದೆ ಅಷ್ಟೆ. ಇಡೀ ಅಧ್ಯಾಯ, 66 ವಚನ, ಒಂದನ್ನೂ ಬಿಡದೆ ಓದುವುದು ಎಂದು ಸಭಾಪಾಲಕರಿಗೆ ಹೇಳಿದ್ದೇನೆ. ‘ಬಹಳ ಉದ್ದವಾಗುತ್ತದಲ್ಲ’ ಎಂದರು. ಊಟ ತಡವಾಗುತ್ತದೆ ಅಯ್ಯನವರೇ, ಮನೆಯಲ್ಲಿ ಸ್ವಲ್ಪ ತಿಂದು ಬನ್ನಿ ಎಂದೆ.